ಮೈಯಾಗ ರಕ್ತ ಇಲ್ಲ, ಸೂಜಿ ಬ್ಯಾಡ್ರೀ

ಬೆಟಗೇರಿಯಲ್ಲಿ ಒಂದು ಭಾನುವಾರ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಮುಂದೆ ಮಾತಾಡಿದ್ದೆ. ಬರೆದುಕೊಡಿ ಅಂತ ಕೇಳಿದ್ದಕ್ಕೆ ಇದು. ಮಾತಾಡಿದ ಹಾಗೆಯೇ ಬಿಟ್ಟಿದ್ದೇನೆ, ಲೆಕ್ಕ ಬರುವ ಕಡೆ ಮಾತ್ರ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ನನ್ನ ಕೆಲಸ ಅರಿವಳಿಕೆ ಕೊಡುವುದು. ಆಪರೇಷನ್ ಥಿಯೇಟರಿನಲ್ಲಿ ಪೇಷಂಟಿನ ತಲೆಯ ಹತ್ತಿರ ಒಬ್ಬರು ಕೂತಿರುತ್ತಾರಲ್ಲ, ಮನೆಗೆ ಹೋದಮೇಲೆ ಯಾರಿಗೂ ಹೆಸರು ನೆನಪಿರದ ಡಾಕ್ಟರು, ಅವರೇ ನಾವು. ಈ ಭಾಗದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತೇನು? "ಡಾಕ್ಟರ್ರೀ, ಮೈಯಾಗ ರಕ್ತ ಇಲ್ಲ, ಸೂಜಿ ಮಾಡಬ್ಯಾಡ್ರೀ." ಹಲ್ಲು ಕೀಳಬೇಕು, ಬೆನ್ನ ಮೇಲಿನ ಗಡ್ಡೆ ತೆಗೆಯಬೇಕು, ಕುರುವು ಕೊಯ್ಯಬೇಕು, ಯಾವುದಕ್ಕೇ ಬಂದರೂ ಇದೇ ಮಾತು. ಜೋಮು ಹಿಡಿಸುವ ಸೂಜಿ ಅಂದರೆ ರಕ್ತ ಕಡಿಮೆ ಇದ್ದವರಿಗೆ ಜೀವಕ್ಕೇ ಕುತ್ತು ಅಂತ ಊರಲ್ಲೆಲ್ಲ ಒಂದು ಹೆದರಿಕೆ ಇದೆ. ರಕ್ತ ಕಡಿಮೆ ಇರುವವರೇನು ಸ್ವಲ್ಪ ಮಂದಿಯೇ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಮಂದಿಯ ಹತ್ತಿರ. ಈ ಹಾಲಿನಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಅಂತ ಇಟ್ಟುಕೊಳ್ಳಿ. ಅರ್ಧ ಊರಿಗೆ ಸೂಜಿ ಬೇಡ ಅಂದರೆ ಹಲ್ಲು ಕೀಳೋದು ಹೇಗೆ?

ನನ್ನ ಚಿಗವ್ವನ ಕಥೆ ಹೇಳುತ್ತೇನೆ, ಅಲ್ಲಿಂದಲೇ ಎಲ್ಲ ಬಿಚ್ಚಿಕೊಳ್ಳುತ್ತದೆ.

ಆಕೆಗೆ ಆಗ 41 ವರ್ಷ, ತೂಕ 44 ಕೆಜಿ. ಶ್ರಾವಣ ಸೋಮವಾರ. ಉಪವಾಸ. ಬೆಳಗಿನ ಏಳರ ಬಸ್ಸಿಗೆ ಊರಿಂದ ಹೊರಟವಳು ಚಾ ಕೂಡ ಕುಡಿದಿಲ್ಲ. ದವಡೆ ಹಲ್ಲು ತೋರಿಸಲು ಒಂದು ಕ್ಲಿನಿಕ್ಕಿಗೆ ಹೋದಳು, ಹನ್ನೆರಡರವರೆಗೆ ಬೆಂಚಿನ ಮೇಲೆ ಕೂತಳು. ಒಳಗೆ ಕರೆದರು, ಕುರ್ಚಿಯಲ್ಲಿ ಕೂರಿಸಿದರು, ಸೂಜಿ ಒಸಡಿಗೆ ತಾಗಿದ್ದೇ ತಡ ಕಣ್ಣಿಗೆ ಕತ್ತಲೆ, ಮೈಯೆಲ್ಲ ಬೆವರು, ಕುತ್ತಿಗೆ ವಾಲಿತು. ಕುರ್ಚಿ ಮಲಗಿಸಿ ಕಾಲು ಎತ್ತಿ ಹಿಡಿದರು. ಎರಡು ನಿಮಿಷಕ್ಕೆ ಎದ್ದು ನೀರು ಕೇಳಿದಳು. ಆದರೆ ಅಲ್ಲಿಯ ಡಾಕ್ಟರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಬಿಟ್ಟರು, ಲಿಗ್ನೋಕೇನ್ ಅಲರ್ಜಿ. ಲಿಗ್ನೋಕೇನ್ ಅಂದರೆ ಆ ಜೋಮಿನ ಸೂಜಿಯ ಔಷಧಿ. "ನಿಮಗ ಈ ಸೂಜಿ ಆಗಿ ಬರೂದಿಲ್ಲ, ಮೈಯಾಗ ರಕ್ತ ಕಡಿಮಿ ಐತಿ" ಅಂತ ಬಾಯಲ್ಲೂ ಹೇಳಿ ಕಳಿಸಿದರು. ಆ ಚೀಟಿಯನ್ನು ನಮ್ಮ ಚಿಗವ್ವ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ವರ್ಷ ಜೋಪಾನ ಮಾಡಿ ಇಟ್ಟಳು. ಹಲ್ಲು ನೋವು ಬಂದಾಗೆಲ್ಲ ಲವಂಗ, ಅದು ಹಿಡಿಯದಿದ್ದರೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ.

ಅಲರ್ಜಿ ಆದರೆ ಮೈಮೇಲೆ ದದ್ದು ಏಳುತ್ತವೆ, ತುರಿಕೆ ಬರುತ್ತದೆ, ತುಟಿ ಊದುತ್ತದೆ, ಉಸಿರಾಡಿದರೆ ಸುಂಯ್ ಅನ್ನುತ್ತದೆ. ಲಿಗ್ನೋಕೇನಿಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಈಕೆಗೆ ಇದ್ಯಾವುದೂ ಆಗಿಲ್ಲ. ಔಷಧಿ ಪೂರ್ತಿ ಒಳಗೆ ಹೋಗೇ ಇಲ್ಲ. ಆದದ್ದು ಸುಮ್ನೆ ಚಕ್ಕರ್. ಹೆದರಿಕೆಗೆ ನಾಡಿ ನಿಧಾನವಾಗಿ, ಬಿಪಿ ಬಿದ್ದು, ಮೆದುಳಿಗೆ ಒಂದು ಕ್ಷಣ ರಕ್ತ ಸಾಲದೆ ಕಣ್ಣು ಮುಚ್ಚುವುದು. ರಕ್ತ ನೋಡಿದರೆ ಬೀಳುವ ಗಟ್ಟಿಮುಟ್ಟಾದ ಗಂಡಸರನ್ನೂ ನೋಡಿದ್ದೇನೆ. ಅದರ ಮೇಲೆ ಖಾಲಿ ಹೊಟ್ಟೆ. ಅದರ ಮೇಲೆ ರಕ್ತ ಕಡಿಮೆ. ಮೂರೂ ಸೇರಿ ಬಿದ್ದಳು, ತಪ್ಪು ಸೂಜಿಯ ತಲೆಗೆ ಬಂತು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಪೂರ್ತಿ ಮಂಪರು ಕೊಡುವ ಆಪರೇಷನ್ನಿಗೆ ಉಪವಾಸ ಬೇಕು, ಅದು ನಾವು ಹೇಳಿದ ಹಾಗೆ. ಹಲ್ಲು ಕೀಳುವಂಥ ಸಣ್ಣ ಜೋಮಿನ ಕೆಲಸಕ್ಕೆ ಉಪವಾಸ ಬೇಡವೇ ಬೇಡ. ಎರಡು ರೊಟ್ಟಿ ತಿಂದು ಬನ್ನಿ. ದೇವರ ವಾರ ಆದರೆ ಇನ್ನೊಂದು ದಿನ ಬನ್ನಿ.

ಈಗ ರಕ್ತ ಕಡಿಮೆ ಅಂದರೇನು? ಮೈಯಲ್ಲಿ ರಕ್ತದ ನೀರು ಕಡಿಮೆ ಅಂತಲ್ಲ. ರಕ್ತದ ಕೆಂಪು, ಅಂದರೆ ಹಿಮೋಗ್ಲೋಬಿನ್ ಕಡಿಮೆ. ಚೀಟಿಯಲ್ಲಿ ಎಚ್‌ಬಿ ಅಂತ ಬರೆದಿರುತ್ತಾರೆ. ನೂರು ಮಿಲಿ ರಕ್ತದಲ್ಲಿ ಎಷ್ಟು ಗ್ರಾಂ ಅನ್ನುವ ಲೆಕ್ಕ ಅದು. ಹೆಣ್ಣುಮಕ್ಕಳಿಗೆ 12 ಇರಬೇಕು, ಬಸುರಿಯರಿಗೆ 11, ಗಂಡಸರಿಗೆ 13. ಈ ಹಿಮೋಗ್ಲೋಬಿನ್ನಿನ ಕೆಲಸ ಆಕ್ಸಿಜನ್ ಹೊರುವುದು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿ ಆಕ್ಸಿಜನ್ ಹೊರುತ್ತದೆ. ಎಚ್‌ಬಿ 14 ಇದ್ದವರ ನೂರು ಮಿಲಿ ರಕ್ತದಲ್ಲಿ ಹತ್ತಿರಹತ್ತಿರ 19 ಮಿಲಿ ಆಕ್ಸಿಜನ್ ಇರುತ್ತದೆ, 7 ಇದ್ದವರಲ್ಲಿ ಅದರ ಅರ್ಧ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ ಓಡುತ್ತವಲ್ಲ, ಹಾಗೆ ನೋಡಿ. ಮುಂಜಾನೆ 14 ಬಸ್ ಬಿಡೋ ಕಡೆ 7 ಬಸ್ ಬಿಟ್ಟರು. ಹತ್ತಿ ನೋಡಿದರೆ ಪ್ರತಿ ಬಸ್ಸೂ ಫುಲ್. ಕಂಡಕ್ಟರನ್ನು ಕೇಳಿದರೆ ನೂರಕ್ಕೆ 98 ಸೀಟು ತುಂಬಿವೆ ಅನ್ನುತ್ತಾನೆ. ಸುಳ್ಳಲ್ಲ. ಆದರೆ ಧಾರವಾಡಕ್ಕೆ ಮುಟ್ಟಿದ ಮಂದಿ ಅರ್ಧ. ಬೆರಳಿಗೆ ಕ್ಲಿಪ್ ಹಾಕುತ್ತಾರಲ್ಲ, ಕೊರೋನಾ ಕಾಲದಲ್ಲಿ ಎಲ್ಲರ ಮನೆಯಲ್ಲೂ ಬಂತು, ಆ ಆಕ್ಸಿಮೀಟರ್ ಆ ಕಂಡಕ್ಟರ್ ಇದ್ದ ಹಾಗೆ. ಸೀಟು ಎಷ್ಟು ತುಂಬಿವೆ ಅಂತ ಹೇಳುತ್ತದೆ, ಬಸ್ ಎಷ್ಟಿವೆ ಅಂತ ಹೇಳುವುದಿಲ್ಲ. "ಆಕ್ಸಿಜನ್ 98 ಐತ್ರಿ, ಎಲ್ಲಾ ಬರೊಬ್ಬರಿ ಐತಿ" ಅಂದುಕೊಂಡು ಮೋಸ ಹೋಗುವವರು ಪೇಷಂಟುಗಳಷ್ಟೇ ಅಲ್ಲ, ನಮ್ಮ ಜೂನಿಯರ್ ಡಾಕ್ಟರುಗಳೂ ಇದ್ದಾರೆ. ಇನ್ನೊಂದು ಮೋಸ ಇದೆ. ಉಸಿರು ಕಟ್ಟಿದರೆ ತುಟಿ ನೀಲಿ ಆಗುತ್ತದೆ ಅಂತ ನಾವು ಕಾಯುತ್ತೇವೆ. ಹಾಗೆ ನೀಲಿ ಕಾಣಬೇಕಾದರೆ ನೂರು ಮಿಲಿ ರಕ್ತದಲ್ಲಿ ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ ಸುಮಾರು 5 ಗ್ರಾಂ ಆದರೂ ಬೇಕು. ಅಷ್ಟು ರಕ್ತದಲ್ಲಿ ಇರುವುದೇ 6 ಗ್ರಾಂ ಆದರೆ ನೀಲಿ ಆಗಲಿಕ್ಕೆ ಎಲ್ಲಿಂದ ಬರಬೇಕು? ತುಟಿ ಬಿಳಚಿಕೊಂಡೇ ಇರುತ್ತದೆ, ಒಳಗೆ ಕಷ್ಟ ನಡೆದಿರುತ್ತದೆ.

ಬಸ್ ಕಡಿಮೆ ಆದಾಗ ಮೈ ಏನು ಮಾಡುತ್ತದೆ? ಇದ್ದ ಬಸ್ಸನ್ನೇ ಜೋರಾಗಿ ಓಡಿಸುತ್ತದೆ. ಎದೆ ಬಡಿತ ಹೆಚ್ಚುತ್ತದೆ. ಜಿನ್ನೆ ಏರಿದರೆ ಏದುಸಿರು, ಕೂತಲ್ಲೇ ಎದೆ ಢವಢವ. ರಕ್ತ ನಿಧಾನಕ್ಕೆ ವರ್ಷಗಟ್ಟಲೆ ಇಳಿದಿದ್ದರೆ ಮೈ ಇದಕ್ಕೆ ಒಗ್ಗಿಕೊಂಡಿರುತ್ತದೆ, ಎಚ್‌ಬಿ 7 ಇದ್ದೂ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳನ್ನು ಬ್ಯಾಡಗಿ ಕಡೆ ನೀವೇ ನೋಡಿರುತ್ತೀರಿ. ಅದೇ ಒಂದೇ ದಿನದಲ್ಲಿ ರಕ್ತ ಹೋಗಿ 7ಕ್ಕೆ ಬಂದರೆ ಮನುಷ್ಯ ಎದ್ದು ನಿಲ್ಲಲಾರ. ಅದಕ್ಕೇ ನಾನು ಎಚ್‌ಬಿ ಎಷ್ಟು ಅಂತ ಕೇಳಿ ಸುಮ್ಮನಾಗುವುದಿಲ್ಲ. ಯಾವಾಗಿನಿಂದ, ಯಾಕೆ, ಮೆಟ್ಟಿಲು ಹತ್ತುತ್ತೀರಾ, ರಾತ್ರಿ ದಿಂಬು ಎಷ್ಟು ಬೇಕು, ಕಾಲು ಊದುತ್ತವಾ, ಇಷ್ಟನ್ನೂ ಕೇಳುತ್ತೇನೆ. ದಿಂಬಿನ ಪ್ರಶ್ನೆಗೆ ಎಲ್ಲರೂ ನಗುತ್ತಾರೆ. ಎರಡು ಮೂರು ದಿಂಬು ಇಲ್ಲದೆ ಮಲಗಲಾರೆ ಅಂದವರ ಹೃದಯ ಸೋತಿರಬಹುದು, ಅಲ್ಲಿ ನಾನು ನಗುವುದಿಲ್ಲ.

ಇನ್ನು ಸೂಜಿಗೆ ಬರೋಣ. ಲಿಗ್ನೋಕೇನನ್ನು ಸ್ವೀಡನ್ನಿನಲ್ಲಿ 1943ರಲ್ಲಿ ಮಾಡಿದರು, 1948ರಿಂದ ಮಾರುಕಟ್ಟೆಯಲ್ಲಿದೆ. ನರದ ಮೇಲೆ ಕೂತು ನೋವಿನ ಸುದ್ದಿ ಮುಂದೆ ಹೋಗದ ಹಾಗೆ ಬಾಗಿಲು ಹಾಕುತ್ತದೆ, ಅಷ್ಟೇ. ಹಿಮೋಗ್ಲೋಬಿನ್ನಿಗೂ ಅದಕ್ಕೂ ಜಗಳ ಇಲ್ಲ, ರಕ್ತವನ್ನು ಅದು ತಿನ್ನುವುದೂ ಇಲ್ಲ. ಅಪಾಯ ಬರುವುದು ಡೋಸ್ ಜಾಸ್ತಿ ಆದಾಗ, ಇಲ್ಲವೇ ಸೂಜಿ ರಕ್ತನಾಳದ ಒಳಗೇ ಹೋದಾಗ. ಲೆಕ್ಕ ಸರಳ. ಸಾದಾ ಲಿಗ್ನೋಕೇನ್ ಆದರೆ ಕೆಜಿಗೆ 4.5 ಮಿಲಿಗ್ರಾಂ, ಅಡ್ರಿನಲಿನ್ ಸೇರಿದ್ದರೆ 7. ಎರಡು ಪರ್ಸೆಂಟ್ ಬಾಟಲಿಯ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಇರುತ್ತದೆ. ನಮ್ಮ 44 ಕೆಜಿ ಚಿಗವ್ವನಿಗೆ ಸಾದಾ ಆದರೆ 198 ಮಿಲಿಗ್ರಾಂ, ಅಂದರೆ 10 ಮಿಲಿ ಹತ್ತಿರ. ಒಂದು ಹಲ್ಲಿಗೆ ಬೇಕಾಗುವುದು ಎರಡು ಮೂರು ಮಿಲಿ. ಎಷ್ಟು ದೂರ ಇದೆ ನೋಡಿ.

ಹಾಗಂತ ಲೆಕ್ಕ ಬಿಡಬಾರದು. ಗಡ್ಡೆ ದೊಡ್ಡದಿದ್ದು ನಾಲ್ಕು ಕಡೆ ಚುಚ್ಚುತ್ತಾ ಹೋದರೆ, ಇನ್ನೂ ನೋವು ಅಂದಾಗೆಲ್ಲ ಇನ್ನೊಂದು ಸಿರಿಂಜ್ ಹಾಕುತ್ತಾ ಹೋದರೆ 10 ಮಿಲಿ ಗೊತ್ತಾಗದೆ ದಾಟುತ್ತದೆ. ಎಪ್ಪತ್ತು ಕೆಜಿ ಆಳಿಗೂ ನಲವತ್ತು ಕೆಜಿ ಅಜ್ಜಿಗೂ ಒಂದೇ ಅಳತೆ ಹಾಕುವುದನ್ನು ನೋಡಿದ್ದೇನೆ, ಅದಕ್ಕೆ ಸಿಟ್ಟು ಬರುತ್ತದೆ. ರಕ್ತ ಕಡಿಮೆ ಇರುವವರಲ್ಲಿ ಬಹಳ ಮಂದಿಗೆ ಊಟವೂ ಸಾಲದೆ ಮೈಯಲ್ಲಿ ಪ್ರೋಟೀನ್ ಕಡಿಮೆ ಇರುತ್ತದೆ. ಒಳಗೆ ಹೋದ ಲಿಗ್ನೋಕೇನಿನ ದೊಡ್ಡ ಪಾಲನ್ನು ರಕ್ತದ ಪ್ರೋಟೀನೇ ಹಿಡಿದುಕೊಂಡಿರುತ್ತದೆ. ಹಿಡಿಯುವವರು ಕಡಿಮೆ ಆದರೆ ಬಿಡುಬೀಸಾಗಿ ತಿರುಗುವ ಔಷಧಿ ಜಾಸ್ತಿ. ಅದನ್ನು ಕರಗಿಸುವುದು ಲಿವರ್. ಹೃದಯ ಸೋತವರಲ್ಲಿ ಲಿವರಿಗೆ ರಕ್ತ ಕಡಿಮೆ ಹೋಗಿ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಇಂಥವರಿಗೆ ತೂಕದ ಲೆಕ್ಕ ಹಾಕಿ, ಅದರಲ್ಲೂ ಕಡಿಮೆ ಮಾಡಿ, ನಿಧಾನಕ್ಕೆ ಕೊಡಬೇಕು. ಪ್ರತಿ ಸಲ ಪಿಸ್ಟನ್ ಹಿಂದೆ ಎಳೆದು ರಕ್ತ ಬರುತ್ತದಾ ನೋಡಬೇಕು.

ಡೋಸ್ ಜಾಸ್ತಿ ಆದರೆ ಮೈ ಮೊದಲೇ ಸುಳಿವು ಕೊಡುತ್ತದೆ. ತುಟಿಯ ಸುತ್ತ ಜುಮ್‌ಜುಮ್, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಕಿವಿಯಲ್ಲಿ ಗುಂಯ್, ಮಾತು ತೊದಲುವುದು, ಆಮೇಲೆ ಫಿಟ್ಸ್, ಕೊನೆಗೆ ಹೃದಯ. ಕೀಳುವ ಹಲ್ಲಿನ ಕಡೆ ತುಟಿ ಜೋಮು ಹಿಡಿದರೆ ಅದು ಆಗಬೇಕಾದ್ದೇ. ಕಾಲಿನ ಗಡ್ಡೆಗೆ ಸೂಜಿ ಮಾಡಿದಾಗ ತುಟಿ ಜುಮ್ ಅಂದರೆ ಆಗಿಂದಾಗಲೇ ಬಾಯಿ ಬಿಟ್ಟು ಹೇಳಿ. ಡಾಕ್ಟರು ಏನಂದುಕೊಂಡಾರು ಅಂತ ಸುಮ್ಮನಿರಬೇಡಿ. ಇದಕ್ಕೆ ಔಷಧಿ ಇದೆ. ಹಾಲಿನ ಹಾಗೆ ಬೆಳ್ಳಗಿರುವ 20 ಪರ್ಸೆಂಟ್ ಎಣ್ಣೆಯ ಡ್ರಿಪ್. ಊಟ ಮಾಡಲಾಗದ ರೋಗಿಗಳ ಆಹಾರಕ್ಕೆ ಅಂತ ಬಂದದ್ದು, ಲಿಗ್ನೋಕೇನ್ ಜಾತಿಯ ವಿಷವನ್ನು ಎಳೆದುಕೊಳ್ಳುತ್ತದೆ ಅಂತ 1998ರಲ್ಲಿ ಇಲಿಗಳ ಮೇಲೆ ಗೊತ್ತಾಯಿತು, 2006ರಿಂದ ಮನುಷ್ಯರನ್ನೂ ಉಳಿಸಿದೆ. ಕೆಜಿಗೆ 1.5 ಮಿಲಿ. ಜೋಮಿನ ಸೂಜಿ ಹೆಚ್ಚು ಬಳಸುವ ಕಡೆ ಅದು ಕಪಾಟಿನಲ್ಲಿ ಇರಬೇಕು, ಕಪಾಟಿನ ಬೀಗದ ಕೈ ಯಾರ ಹತ್ತಿರ ಅಂತಲೂ ಗೊತ್ತಿರಬೇಕು.

ಅಡ್ರಿನಲಿನ್ ವಿಷಯ ಬೇರೆ. ರಕ್ತ ಜಾಸ್ತಿ ಹೋಗದಿರಲಿ, ಜೋಮು ಹೆಚ್ಚು ಹೊತ್ತು ನಿಲ್ಲಲಿ ಅಂತ ಅದನ್ನು ಸೇರಿಸುತ್ತಾರೆ. ರಕ್ತ ಕಡಿಮೆ ಇದ್ದವರಿಗೆ ಅದು ಒಳ್ಳೆಯದೇ, ಹನಿ ರಕ್ತವೂ ಉಳಿಯಲಿ. ಆದರೆ ಅದಾಗಲೇ ಜೋರಾಗಿ ಓಡುತ್ತಿರುವ ಹೃದಯಕ್ಕೆ ಅಡ್ರಿನಲಿನ್ ಅಂದರೆ ಇನ್ನೊಂದು ಚಾಟಿ ಏಟು. ಹಲ್ಲಿನ ಡಾಕ್ಟರುಗಳ ಬಾಟಲಿಯಲ್ಲಿ ಸಾಮಾನ್ಯವಾಗಿ 80,000ಕ್ಕೆ ಒಂದು ಭಾಗ ಇರುತ್ತದೆ, ಮಿಲಿಗೆ 12.5 ಮೈಕ್ರೋಗ್ರಾಂ. ಹೃದಯದ ತೊಂದರೆ ಇದ್ದವರಿಗೆ 40 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ರೂಢಿಯ ಲೆಕ್ಕ, ಅಂದರೆ ಮೂರು ಮಿಲಿಗೆ ನಿಂತಿತು. ಎರಡು ಲಕ್ಷಕ್ಕೆ ಒಂದು ಭಾಗ ಇರುವ ಬಾಟಲಿ ತೆಗೆದುಕೊಂಡರೆ ಎಂಟು ಮಿಲಿವರೆಗೆ ಜಾಗ ಸಿಗುತ್ತದೆ. ಎಚ್‌ಬಿ ಬಹಳ ಕಡಿಮೆ ಇದ್ದು ಎದೆ ಬಡಿತ ಜೋರಿದ್ದವರಿಗೆ ನಾನು ಇದೇ ಲೆಕ್ಕ ಹಿಡಿಯುತ್ತೇನೆ.

ನಿಜವಾಗಿ ರಕ್ತ ಕಡಿಮೆ ಇದ್ದವರು ಹುಷಾರಾಗಿರಬೇಕಾದದ್ದು ಬೇರೆ ಔಷಧಿಗೆ, ಅದು ಸೂಜಿಯಲ್ಲೂ ಅಲ್ಲ, ಬಹಳ ಸಲ ಕ್ರೀಮಿನಲ್ಲಿ ಇರುತ್ತದೆ. ಪ್ರಿಲೋಕೇನ್ ಅಂತ ಒಂದು, ಬೆಂಜೋಕೇನ್ ಅಂತ ಇನ್ನೊಂದು. ಮಕ್ಕಳಿಗೆ ಸೂಜಿ ಚುಚ್ಚುವ ಮೊದಲು, ಲೇಸರಿನಲ್ಲಿ ಕೂದಲು ತೆಗೆಸುವ ಮೊದಲು ಹಚ್ಚುವ ಬಿಳಿ ಕ್ರೀಮಿನಲ್ಲಿ ಲಿಗ್ನೋಕೇನಿನ ಜೊತೆ ಪ್ರಿಲೋಕೇನ್ ಇರುತ್ತದೆ. ಬೆಂಜೋಕೇನ್ ಕೆಲವು ಬಾಯಿಯ ಜೆಲ್ಲಿನಲ್ಲಿ, ಗಂಟಲಿನ ಸ್ಪ್ರೇಯಲ್ಲಿ. ಇವು ಹೆಚ್ಚಾದರೆ ಹಿಮೋಗ್ಲೋಬಿನ್ ಒಳಗಿನ ಕಬ್ಬಿಣದ ರೂಪವನ್ನೇ ಬದಲಿಸಿಬಿಡುತ್ತವೆ. ಆಮೇಲೆ ಆ ಹಿಮೋಗ್ಲೋಬಿನ್ ಆಕ್ಸಿಜನ್ ಹೊರುವುದಿಲ್ಲ. ಬಸ್ ರಸ್ತೆಯ ಮೇಲೇ ಇದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ರಕ್ತ ತೆಗೆದರೆ ಚಾಕಲೇಟಿನ ಬಣ್ಣ, ಗಾಳಿಗೆ ಹಿಡಿದರೂ ಕೆಂಪಾಗುವುದಿಲ್ಲ. ಆಕ್ಸಿಮೀಟರ್ 85ರ ಹತ್ತಿರ ಬಂದು ಅಲ್ಲೇ ಕೂರುತ್ತದೆ, ಎಷ್ಟು ಆಕ್ಸಿಜನ್ ಕೊಟ್ಟರೂ ಏರುವುದಿಲ್ಲ.

ಲೆಕ್ಕ ನೋಡಿ. ಎಚ್‌ಬಿ 15 ಇದ್ದವರಲ್ಲಿ ನೂರಕ್ಕೆ 20 ಹೀಗೆ ಕೆಟ್ಟರೂ 12 ಉಳಿಯಿತು, ಸ್ವಲ್ಪ ತಲೆನೋವು ಬರಬಹುದು. ಎಚ್‌ಬಿ 7 ಇದ್ದವರಲ್ಲಿ ಅಷ್ಟೇ ಕೆಟ್ಟರೆ ಉಳಿದದ್ದು 5.6. ಅದಕ್ಕೇ ಇವರಿಗೆ ಪ್ರಿಲೋಕೇನ್ ಬಿಟ್ಟು ಬೇರೆ ಕೊಡುತ್ತೇವೆ. ಹಸುಗೂಸುಗಳಿಗೆ ಇದು ಬೇಗ ಆಗುತ್ತದೆ. ಹಲ್ಲು ಬರುವ ಮಗುವಿನ ಒಸಡಿಗೆ ಬೆಂಜೋಕೇನ್ ಜೆಲ್ ಹಚ್ಚಬೇಡಿ, ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೀಗೆ ಹಿಮೋಗ್ಲೋಬಿನ್ ಕೆಟ್ಟರೆ ಅದಕ್ಕೆ ಮದ್ದು ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿ. ಆದರೆ ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮನೆತನಗಳಿರುತ್ತವೆ. ಅವರಿಗೆ ಆ ಮದ್ದೇ ಕೆಂಪು ಕಣಗಳನ್ನು ಒಡೆಯುತ್ತದೆ. ಮಲೇರಿಯಾ ಗುಳಿಗೆ ನುಂಗಿದ ಮೇಲೆ ಮೂತ್ರ ಚಾ ಬಣ್ಣಕ್ಕೆ ತಿರುಗಿದ್ದು ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ಮೊದಲೇ ಹೇಳಿ.

ಎಚ್‌ಬಿ 10 ಇಲ್ಲದಿದ್ದರೆ ಆಪರೇಷನ್ನೇ ಇಲ್ಲ ಅಂತ ಹಳೆಯ ಡಾಕ್ಟರುಗಳು ಹೇಳುತ್ತಿದ್ದರು. ಇದು 1942ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಬರೆದದ್ದರಿಂದ ಬೆಳೆದ ರೂಢಿ. 1999ರಲ್ಲಿ ಕೆನಡಾದ ಒಂದು ದೊಡ್ಡ ಅಧ್ಯಯನ ಬಂತು. ಐಸಿಯು ರೋಗಿಗಳಿಗೆ 7ಕ್ಕಿಂತ ಇಳಿದಾಗ ರಕ್ತ ಕೊಟ್ಟರೂ ನಡೆಯುತ್ತದೆ, 10ಕ್ಕೇ ಕೊಟ್ಟರೆ ಹೆಚ್ಚು ಮಂದಿ ಬದುಕುವುದೇನಿಲ್ಲ ಅಂತ ತೋರಿಸಿತು. ಆಮೇಲೆ ನಾವೂ ಸಡಿಲ ಆದೆವು. ಕುಟುಂಬ ಯೋಜನೆ ಆಪರೇಷನ್ ಹೆಚ್ಚಾಗಿ ಜೋಮಿನ ಸೂಜಿಯಲ್ಲೇ ಆಗುತ್ತದಲ್ಲ, ಅದಕ್ಕೂ 7ಕ್ಕಿಂತ ಕಡಿಮೆ ಇದ್ದರೆ ಮುಂದಕ್ಕೆ ಹಾಕಿ, 7ರಿಂದ 10ರವರೆಗೆ ಎಚ್ಚರಿಕೆಯಿಂದ ಮಾಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಹಲ್ಲಿಗೆ ಹೋಗುವ ರಕ್ತ ಕೆಲವು ಚಮಚ. ಕೀವು ತುಂಬಿ ಮುಖ ಊದಿದ್ದರೆ ಎಚ್‌ಬಿ 6 ಇದ್ದರೂ ದೊಡ್ಡ ದವಾಖಾನೆಯಲ್ಲಿ ಮಾಡಲೇಬೇಕಾಗುತ್ತದೆ. ಕಾಯುವುದೇ ಅಲ್ಲಿ ಅಪಾಯ.

ಎಚ್‌ಬಿ ಒಂದನ್ನೇ ನೋಡಬೇಡಿ, ಪೂರ್ತಿ ರಕ್ತ ಪರೀಕ್ಷೆ ಮಾಡಿಸಿ. ರಕ್ತ ಕಡಿಮೆಯ ಜೊತೆ ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ ಕೂಡ ಕಡಿಮೆ ಇದ್ದರೆ ಕೆಳದವಡೆಯ ಆಳಕ್ಕೆ ಹಾಕುವ ಸೂಜಿಯೇ ಒಳಗೆ ರಕ್ತ ಕಟ್ಟಿಸಬಹುದು. ಬಿ12 ವಿಟಮಿನ್ ಕಡಿಮೆ ಆಗಿ ಮೊದಲೇ ಕಾಲು ಜೋಮು ಇದ್ದರೆ ಸೂಜಿಗೆ ಮುಂಚೆ ಬರೆಸಿಡಿ, ಇಲ್ಲದಿದ್ದರೆ ಆಮೇಲೆ ಅದೂ ಸೂಜಿಯ ತಲೆಗೇ.

ಚಿಗವ್ವನ ವಿಷಯ ಅರ್ಧಕ್ಕೆ ಬಿಟ್ಟೆ. ನಾಲ್ಕು ವರ್ಷದ ಮೇಲೆ ನಮ್ಮ ಮನೆಗೆ ಬಂದಾಗ ಕೆನ್ನೆ ಊದಿತ್ತು. ಕೆಂಪು ಶಾಯಿಯ ಚೀಟಿ ತೋರಿಸಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದ ಹಾಗೆ. ಎಚ್‌ಬಿ 6.8. "ಹೊರಗಾದಾಗ ಎಷ್ಟು ದಿನ ಹೋಗ್ತೈತಿ?" ಅಂತ ಕೇಳಿದೆ. "ಹತ್ತ್ ಹನ್ನೆರಡು ದಿನ. ಎಲ್ಲಾರಿಗೂ ಹಂಗ ಅಲ್ಲನು?" ಅಂದಳು. ಗರ್ಭಕೋಶದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಇತ್ತು. ನಾಲ್ಕು ವರ್ಷ ಅದರಿಂದ ತಿಂಗಳು ತಿಂಗಳೂ ರಕ್ತ ಸುರಿದಿದೆ, ಆ ಚೀಟಿ ಇತ್ತಲ್ಲ, ರಕ್ತ ಯಾಕೆ ಕಡಿಮೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಮದುವೆ ಮುಂಜಿಯಲ್ಲಿ ಎಷ್ಟು ಸಲ ಎದುರು ಕೂತು ಉಂಡಿದ್ದೇನೆ.

ಆಂಟಿಬಯೋಟಿಕ್ ಕೊಟ್ಟು ಊತ ಇಳಿಸಿದೆವು, ರಕ್ತನಾಳದ ಮೂಲಕ ಕಬ್ಬಿಣದ ಡ್ರಿಪ್ ಹಾಕಿಸಿದೆವು. ಐದು ವಾರಕ್ಕೆ ಎಚ್‌ಬಿ 9.4. ಅಲರ್ಜಿ ಇಲ್ಲ ಅಂತ ಚರ್ಮದ ಮೇಲೆ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಂಡೆವು. ಹಲ್ಲು ಕೀಳುವ ದಿನ ಉಪ್ಪಿಟ್ಟು ತಿನ್ನಿಸಿ, ಕುರ್ಚಿಯನ್ನು ಮೊದಲೇ ಅರ್ಧ ಮಲಗಿಸಿ, ಎರಡು ಮಿಲಿ ಕೊಟ್ಟರು. ನಾನು ಕೈ ಹಿಡಿದು ನಾಡಿ ನೋಡುತ್ತಾ ನಿಂತಿದ್ದೆ. "ಮುಗೀತೇನ?" ಅಂದಳು. ಮುಗಿದಿತ್ತು. ಗರ್ಭಕೋಶದ ಗಡ್ಡೆಯನ್ನು ಆಮೇಲೆ ತೆಗೆಸಿದೆವು. ಆ ಹಳೆಯ ಚೀಟಿ ಹರಿದು ಹಾಕು ಅಂದರೆ ಇನ್ನೂ ಹರಿದಿಲ್ಲ.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಕಬ್ಬಿಣದ ಗುಳಿಗೆ ನುಂಗಿದರೆ ಕರ್ರಗೆ ಹೋಗುತ್ತದಲ್ಲ ಅಂದರು ಒಬ್ಬರು. ಹೋಗುತ್ತದೆ, ಹೆದರಬೇಡಿ. ಊಟದ ಕೂಡಲೇ ಚಾ ಕುಡಿಯಬೇಡಿ, ಅದು ಕಬ್ಬಿಣವನ್ನು ಹತ್ತಗೊಡುವುದಿಲ್ಲ. ಒಂದು ತಾಸು ಬಿಡಿ. ಪಲ್ಲೆಗೆ ಲಿಂಬಿಹುಳಿ ಹಿಂಡಿಕೊಳ್ಳಿ. ಎಚ್‌ಬಿ ಸರಿ ಹೋದ ಮೇಲೂ ಮೂರು ತಿಂಗಳು ಗುಳಿಗೆ ಬಿಡಬೇಡಿ. ಬಸುರಿಯರಿಗೆ ಹಲ್ಲಿನ ಸೂಜಿ ನಡೆಯುತ್ತದಾ ಅಂದರು. ಲಿಗ್ನೋಕೇನ್ ನಡೆಯುತ್ತದೆ, ನಾಲ್ಕರಿಂದ ಆರನೇ ತಿಂಗಳು ಆದರೆ ಚೆನ್ನ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, "ಹಲ್ಲ ಕಿತ್ತ ಮ್ಯಾಲ ರೊಟ್ಟಿ ಯಾವಾಗ ತಿನ್ನಬೇಕ್ರೀ?" ಅಂದರು. ಜೋಮು ಇಳಿಯಲಿಕ್ಕೆ ಮೂರರಿಂದ ಐದು ತಾಸು ಬೇಕು ಅಜ್ಜಿ, ಅಲ್ಲಿತನಕ ಗಟ್ಟಿ ರೊಟ್ಟಿ ಬೇಡ. ರೊಟ್ಟಿ ಅಂತ ತಿಳಿದು ನಿಮ್ಮ ತುಟಿಯನ್ನೇ ಕಡಿದುಕೊಂಡಿರುತ್ತೀರಿ, ಗೊತ್ತೇ ಆಗುವುದಿಲ್ಲ. ಅವತ್ತು ಆರಿದ ಮೊಸರನ್ನ ಉಣ್ಣಿ. ರೊಟ್ಟಿ ಮರುದಿನ ಹಾಲಿನಲ್ಲಿ ನೆನೆಸಿಕೊಂಡು.